ನೀರಿನ ಲೆಕ್ಕದ ಮೇಲೆ ನಿಂತ ಮರುಭೂಮಿ

ಅರಾಕಿಸ್ ಎಂಬುದು ಅಮೆರಿಕದ ಲೇಖಕ ಫ್ರಾಂಕ್ ಹರ್ಬರ್ಟ್ (1920–1986) ಕಲ್ಪಿಸಿದ ಮರಳುಗ್ರಹ. 1965ರಲ್ಲಿ ಪುಸ್ತಕವಾಗಿ ಬಂದ ‘ಡ್ಯೂನ್’ ಕಾದಂಬರಿಯ ಕಥೆ ಬಹುಮಟ್ಟಿಗೆ ನಡೆಯುವುದು ಈ ಗ್ರಹದ ಮೇಲೆಯೇ. ಅಲ್ಲಿ ಹೊಳೆಯಿಲ್ಲ, ಕೆರೆಯಿಲ್ಲ, ಮಳೆಯಿಲ್ಲ. ಕಾಲ್ಪನಿಕ ನಾಡುಗಳಿಗೆ ಸಾಹಿತ್ಯದಲ್ಲಿ ಎಂದೂ ಕೊರತೆಯಾಗಿಲ್ಲ. ಆದರೆ ತಾನು ಕಲ್ಪಿಸಿದ ನಾಡಿನಲ್ಲಿ ಗಾಳಿ ಯಾವ ದಿಕ್ಕಿನಿಂದ ಬೀಸುತ್ತದೆ, ಮರಳಿನ ದಿಬ್ಬದ ಯಾವ ಮಗ್ಗುಲಲ್ಲಿ ಮೊದಲ ಹುಲ್ಲು ನೆಡಬೇಕು, ಒಂದು ಮರಕ್ಕೆ ದಿನಕ್ಕೆ ಎಷ್ಟು ನೀರು ಬೇಕು ಎಂದು ಲೆಕ್ಕ ಹಾಕಿ ಬರೆದವರು ವಿರಳ. ಹರ್ಬರ್ಟ್ ಕಾದಂಬರಿಯ ಕೊನೆಗೆ ಗ್ರಹದ ಪರಿಸರವನ್ನೇ ವಿಷಯವಾಗಿಸಿಕೊಂಡ ಒಂದು ಅನುಬಂಧವನ್ನು ಸೇರಿಸಿದರು. ಪುಸ್ತಕವನ್ನು ಅರ್ಪಿಸಿದ್ದು ಒಣಭೂಮಿಯ ಪರಿಸರ ವಿಜ್ಞಾನಿಗಳಿಗೆ.

ಈ ಕಲ್ಪನೆಯ ಬೇರು ಇರುವುದು ನಿಜವಾದ ಮರಳಿನಲ್ಲಿ. ಅಮೆರಿಕದ ಪಶ್ಚಿಮ ಕರಾವಳಿಯ ಆರೆಗಾನ್ ರಾಜ್ಯದಲ್ಲಿ, ಫ್ಲಾರೆನ್ಸ್ ಊರಿನಿಂದ ಕೂಸ್ ಬೇ ವರೆಗೆ ಸುಮಾರು 60 ಕಿಲೋಮೀಟರ್ ಉದ್ದಕ್ಕೆ ಮರಳಿನ ದಿಬ್ಬಗಳ ಸಾಲು ಹಬ್ಬಿದೆ. ಸಮುದ್ರದ ಗಾಳಿಗೆ ಸರಿಯುವ ಈ ಮರಳು ರಸ್ತೆ, ಮನೆ, ಬಂದರುಗಳನ್ನು ಮುಚ್ಚುತ್ತಿತ್ತು. ಅಲ್ಲಿನ ಕೃಷಿ ಇಲಾಖೆ ಹುಲ್ಲು ನೆಟ್ಟು ಮರಳನ್ನು ಕಟ್ಟಿಹಾಕುವ ಕೆಲಸ ನಡೆಸಿತ್ತು. 1957ರಲ್ಲಿ ಹರ್ಬರ್ಟ್ ಪತ್ರಕರ್ತರಾಗಿ ಅದನ್ನು ನೋಡಲು ಹೋದರು. ಅವರು ಬರೆಯಹೊರಟ ಲೇಖನ ಬೆಳಕು ಕಾಣಲಿಲ್ಲ. ಅದಕ್ಕಾಗಿ ಕೂಡಿಹಾಕಿದ ಸಾಮಗ್ರಿ ಕಾದಂಬರಿಯಾಯಿತು. ‘ಅನಲಾಗ್’ ಪತ್ರಿಕೆಯಲ್ಲಿ 1963ರಿಂದ 1965ರವರೆಗೆ ಎರಡು ಕಂತುಮಾಲೆಗಳಾಗಿ ಬಂದು, ಹಲವು ಪ್ರಕಾಶಕರು ತಿರಸ್ಕರಿಸಿದ ಮೇಲೆ ವಾಹನ ದುರಸ್ತಿಯ ಕೈಪಿಡಿಗಳಿಗೆ ಹೆಸರಾಗಿದ್ದ ಚಿಲ್ಟನ್ ಸಂಸ್ಥೆಯಿಂದ ಅದು ಪ್ರಕಟವಾಯಿತು.

ಕಾದಂಬರಿಯ ಪ್ರಕಾರ ಅರಾಕಿಸ್ ಕ್ಯಾನೋಪಸ್ ನಕ್ಷತ್ರದ ಮೂರನೆಯ ಗ್ರಹ. ಕ್ಯಾನೋಪಸ್ ಎಂದರೆ ನಮ್ಮ ಪಂಚಾಂಗದ ಅಗಸ್ತ್ಯ ನಕ್ಷತ್ರ. ಕಡಲನ್ನೇ ಆಪೋಶನ ತೆಗೆದುಕೊಂಡ ಋಷಿಯ ಹೆಸರಿನ ನಕ್ಷತ್ರಕ್ಕೆ ನೀರಿಲ್ಲದ ಗ್ರಹ ಸುತ್ತುಬರುವುದು ಕೇವಲ ಕಾಕತಾಳೀಯ. ಆದರೂ ಆ ಗ್ರಹದ ಕಥೆಗೆ ಹೊಂದಿಕೊಳ್ಳುವ ಕಾಕತಾಳೀಯ: ಅಲ್ಲಿಯೂ ನೀರನ್ನು ಯಾರೋ ಕುಡಿದಿದ್ದಾರೆ.

ಗ್ರಹದ ಭೂಗೋಳವನ್ನು ಉತ್ತರದಿಂದ ನೋಡುತ್ತ ಬರಬೇಕು. ಧ್ರುವದಲ್ಲಿ ಸಣ್ಣದೊಂದು ಹಿಮದ ಟೋಪಿಯಿದೆ. ಅದರ ಕೆಳಗೆ ಬಂಡೆಯ ನಾಡು. ಇಲ್ಲಿಯ ‘ಶೀಲ್ಡ್ ವಾಲ್’ ಎಂಬ ಪರ್ವತಶ್ರೇಣಿ ಸ್ವಲ್ಪ ಪ್ರದೇಶವನ್ನು ಬಿರುಗಾಳಿಯಿಂದ ಕಾಯುವ ಕೋಟೆ. ಅರಾಕೀನ್, ಕಾರ್ಥಾಗ್ ಎಂಬ ನಗರಗಳು ಉತ್ತರದ ಈ ಆಸರೆಯ ನಾಡಿನಲ್ಲೇ ಇವೆ. ಬಂಡೆಗಳ ನಡುವೆ ಅಲ್ಲಲ್ಲಿ ಎತ್ತರದ ನೆಲ ಸುತ್ತುವರಿದ ತಗ್ಗುಗಳಿದ್ದು, ಜನ ಬದುಕಬಹುದಾದ ಜಾಗ ಅಷ್ಟೇ. ಉಳಿದದ್ದೆಲ್ಲ ಬಯಲು. ದಿಬ್ಬಗಳ ಮರಳುಗಡಲಿಗೆ ‘ಎರ್ಗ್’, ತೆರೆದ ಬಯಲಿಗೆ ‘ಬ್ಲೆದ್’, ಹಾವಿನಂತೆ ಬಳುಕುವ ನೆತ್ತಿಯುಳ್ಳ ಉದ್ದನೆಯ ದಿಬ್ಬಕ್ಕೆ ‘ಸಿಫ್’ ಎಂಬ ಹೆಸರುಗಳನ್ನು ಹರ್ಬರ್ಟ್ ಸಹಾರಾದ ಕಡೆಯ ಅರಬ್ಬೀ ಮಾತಿನಿಂದ ತೆಗೆದುಕೊಂಡಿದ್ದಾರೆ. ಮೇಲ್ನೋಟಕ್ಕೆ ಗಟ್ಟಿ ನೆಲದಂತೆ ಕಂಡು ಒಳಗೆ ಬರೀ ದೂಳು ತುಂಬಿಕೊಂಡ ಕಂದಕಗಳೂ, ಕಾಲಿಟ್ಟರೆ ಮದ್ದಳೆಯಂತೆ ಸದ್ದು ಮಾಡುವ ಮರಳಿನ ಹಾಸುಗಳೂ ಈ ಬಯಲಿನಲ್ಲಿವೆ.

ಬಯಲನ್ನು ಆಳುವುದು ಗಾಳಿ. ತಡೆಯೇ ಇಲ್ಲದ ನೆಲದ ಮೇಲೆ ಗ್ರಹದ ಸ್ವಂತ ಭ್ರಮಣದಿಂದ ಬಲ ಪಡೆಯುವ ಬಿರುಗಾಳಿಗಳು ಗಂಟೆಗೆ 700 ಕಿಲೋಮೀಟರ್ ವೇಗವನ್ನು ಮುಟ್ಟುತ್ತವೆ ಎಂದು ಕಾದಂಬರಿಯ ಪದಕೋಶ ಹೇಳುತ್ತದೆ. ಈ ಅಂಕಿಯಲ್ಲಿ ಉತ್ಪ್ರೇಕ್ಷೆಯಿದೆ. ಮರಳಿನ ನಡತೆಯ ವಿವರಗಳಲ್ಲಿ ಇಲ್ಲ. ಬ್ರಿಟಿಷ್ ಸೇನಾಧಿಕಾರಿ ರಾಲ್ಫ್ ಬ್ಯಾಗ್ನಾಲ್ಡ್ ಲಿಬಿಯಾದ ಮರುಭೂಮಿಯಲ್ಲಿ ಅಲೆದು, ಗಾಳಿಸುರಂಗದಲ್ಲಿ ಪ್ರಯೋಗ ಮಾಡಿ 1941ರಲ್ಲಿ ಪ್ರಕಟಿಸಿದ ಗ್ರಂಥ ಈ ವಿಷಯದ ಅಡಿಪಾಯ. ಮರಳಿನ ಕಣಗಳು ಹೆಚ್ಚಾಗಿ ಗಾಳಿಯಲ್ಲಿ ತೇಲಿಹೋಗುವುದಿಲ್ಲ. ನೆಲಕ್ಕೆ ಬಡಿದು, ಪುಟಿದು, ಮತ್ತೆ ಬಡಿದು ಕುಪ್ಪಳಿಸುತ್ತ ಸಾಗುತ್ತವೆ. ಗಾಳಿಗೆ ಮುಖಮಾಡಿದ ಮಗ್ಗುಲಲ್ಲಿ ಹತ್ತಿ ನೆತ್ತಿ ದಾಟಿ, ಆಚೆಯ ಮರೆಯಲ್ಲಿ ಉದುರುತ್ತವೆ. ಮರೆಯ ಇಳುಕಲು ಸುಮಾರು 34 ಡಿಗ್ರಿಗೆ ಬಂದಾಗ ಜಾರುತ್ತದೆ. ದಿಬ್ಬವೊಂದು ಮುಂದಕ್ಕೆ ನಡೆಯುವುದೇ ಹೀಗೆ. ಆದ್ದರಿಂದ ಕಾದಂಬರಿಯಲ್ಲಿ ಮರಳನ್ನು ನಿಲ್ಲಿಸಹೊರಟವರು ಮೊದಲು ಗಮನಿಸುವುದು ಜಾರುವ ಮಗ್ಗುಲನ್ನು.

ಅರಾಕಿಸ್‌ನ ಎಲ್ಲ ಗುಟ್ಟೂ ಒಂದು ಪ್ರಶ್ನೆಯಲ್ಲಿದೆ: ನೀರು ಎಲ್ಲಿ ಹೋಯಿತು? ಪಾರ್ಡಾಟ್ ಕೈನ್ಸ್ ಎಂಬ ಗ್ರಹವಿಜ್ಞಾನಿ ಆ ಮರುಭೂಮಿಯಲ್ಲಿ ಉಪ್ಪಿನ ಹಾಸೊಂದನ್ನು ಕಾಣುತ್ತಾನೆ. ಉಪ್ಪಿದ್ದಲ್ಲಿ ಹಿಂದೆ ನಿಂತ ನೀರಿದ್ದಿರಲೇಬೇಕು. ಬಾವಿ ತೋಡಿದರೆ ಸಣ್ಣಗೆ ಜಿನುಗುವ ನೀರು ಸ್ವಲ್ಪ ಹೊತ್ತಿನಲ್ಲೇ ನಿಂತುಹೋಗುತ್ತದೆ, ಕೆಳಗೆ ಯಾರೋ ಬೆಣೆ ಹಾಕಿದ ಹಾಗೆ. ಇನ್ನೊಂದು ಒಗಟು ಗಾಳಿಯದು. ಹಸಿರು ಇಲ್ಲವೆನ್ನುವಷ್ಟು ಕಡಿಮೆಯಿರುವ ಗ್ರಹದ ವಾತಾವರಣದಲ್ಲಿ ಉಸಿರಾಡಲು ಸಾಕಷ್ಟು ಆಮ್ಲಜನಕ ಎಲ್ಲಿಂದ ಬಂತು? ಎರಡಕ್ಕೂ ಉತ್ತರ ಮರಳಿನಡಿಯ ಜೀವಿ. ಅರ್ಧ ಸಸ್ಯ, ಅರ್ಧ ಪ್ರಾಣಿಯಾದ ಮರಳುಮೀನುಗಳು ನೀರನ್ನು ಆಳದಲ್ಲಿ ಸುತ್ತುವರಿದು ಬಂಧಿಸಿಡುತ್ತವೆ. ಅವೇ ಬೆಳೆದು 400 ಮೀಟರ್‌ಗೂ ಉದ್ದವಾಗಬಲ್ಲ ಮರಳುಹುಳುಗಳಾಗುತ್ತವೆ. ನೀರು ಆ ಹುಳುವಿಗೆ ವಿಷ. ಈ ಜೀವಚಕ್ರದ ನಡುವೆ ಹುಟ್ಟುವ ‘ಸ್ಪೈಸ್’ ಎಂಬ ದ್ರವ್ಯಕ್ಕಾಗಿ ಕಾದಂಬರಿಯ ರಾಜಮನೆತನಗಳು ಕಾದಾಡುತ್ತವೆ. ಹಾಗಾಗಿ ಅರಾಕಿಸ್‌ನ ಬರ ಹವಾಮಾನದ ಆಕಸ್ಮಿಕವಲ್ಲ. ಒಂದು ಜೀವಿ ತನ್ನ ಬದುಕಿಗಾಗಿ ಕಟ್ಟಿಕೊಂಡು ಕಾಯ್ದುಕೊಂಡ ವ್ಯವಸ್ಥೆ.

ಗ್ರಹದ ಸ್ವಂತ ಸಸ್ಯಸಂಪತ್ತು ತೀರ ಬಡವಾದದ್ದು. ಉತ್ತರದ ಸಮಶೀತೋಷ್ಣ ವಲಯದಲ್ಲಿ, 2,500 ಮೀಟರ್ ಎತ್ತರದ ಮೇಲೆ ಮಾತ್ರ ಸಿಗುವ ಗೆಡ್ಡೆಯ ಗಿಡವೊಂದನ್ನು ಅನುಬಂಧ ಹೆಸರಿಸುತ್ತದೆ. ಎರಡು ಮೀಟರ್ ಉದ್ದದ ಗೆಡ್ಡೆಯಿಂದ ಸಿಗುವುದು ಅರ್ಧ ಲೀಟರ್ ನೀರು. ಹೊರಗಿನಿಂದ ತಂದು ನೆಟ್ಟ ಗಿಡಗಳ ದುಬಾರಿತನಕ್ಕೆ ಅರಾಕೀನ್ ಅರಮನೆಯ ಮುಂದಿನ ಖರ್ಜೂರದ ಮರಗಳೇ ಸಾಕ್ಷಿ. ಮರವೊಂದಕ್ಕೆ ದಿನಕ್ಕೆ 40 ಲೀಟರ್ ನೀರು. ಮನುಷ್ಯನೊಬ್ಬನಿಗೆ 8 ಲೀಟರ್. ಅಲ್ಲಿರುವುದು 20 ಮರ, ಅಂದರೆ 100 ಜನರ ಪಾಲಿನ ನೀರು. ನೆರಳಿಗೂ ಅಂದಕ್ಕೂ ಬೆಳೆಸಿದ ಮರ ಒಂದು ವರ್ಗದ ದರ್ಪವಾಗಿಬಿಡುವುದನ್ನು ಹರ್ಬರ್ಟ್ ಈ ಗುಣಾಕಾರದಲ್ಲೇ ಹೇಳಿಮುಗಿಸುತ್ತಾರೆ.

ಮರುಭೂಮಿಯ ಜನರಾದ ಫ್ರೆಮೆನ್ ನೀರನ್ನು ಹನಿಹನಿಯಾಗಿ ಗಾಳಿಯಿಂದ ಹಿಂಡುತ್ತಾರೆ. ಗಾಳಿಯ ದಾರಿಗೆ ಅಡ್ಡಲಾಗಿಟ್ಟ ಬಲೆಗಳು ಅದರ ತೇವವನ್ನು ಇಳಿಸಿಕೊಳ್ಳುತ್ತವೆ. ಗಿಡ ನೆಡುವ ಗುಳಿಗಳಿಗೆ ನಾಲ್ಕು ಸೆಂಟಿಮೀಟರ್ ಉದ್ದದ, ಮೊಟ್ಟೆಯಾಕಾರದ ಇಬ್ಬನಿ ಸಂಗ್ರಾಹಕಗಳನ್ನು ಹಾಸುತ್ತಾರೆ. ಅವು ಹಗಲಿನಲ್ಲಿ ಬೆಳ್ಳಗಾಗಿ ಬಿಸಿಲನ್ನು ಹಿಂದಕ್ಕೆ ಎಸೆಯುತ್ತವೆ. ಕತ್ತಲಾದೊಡನೆ ಪಾರದರ್ಶಕವಾಗಿ ತಣ್ಣಗಾಗುತ್ತವೆ. ಬೆಳಗಿನ ಜಾವದ ಇಬ್ಬನಿ ಆ ತಣ್ಣನೆಯ ಮೈಮೇಲೆ ಕೂಡಿ ಬೇರಿಗೆ ಇಳಿಯುತ್ತದೆ. ಇಂಥ ವಸ್ತು ಭೂಮಿಯಲ್ಲಿಲ್ಲ, ತತ್ತ್ವ ಮಾತ್ರ ಇಲ್ಲಿಯದೇ. ನಮೀಬ್ ಮರುಭೂಮಿಯ ಜೀರುಂಡೆಯೊಂದು ಮಂಜಿಗೆ ಬೆನ್ನೊಡ್ಡಿ, ಅದರ ಮೇಲೆ ಕೂಡಿದ ಹನಿಯನ್ನು ಬಾಯಿಗೆ ಇಳಿಸಿಕೊಳ್ಳುತ್ತದೆ.

ಇನ್ನು ಹಸಿರು ಹಬ್ಬಿಸುವ ಯೋಜನೆ. ಕೈನ್ಸ್‌ನ ಅಂದಾಜಿನಲ್ಲಿ ಇದಕ್ಕೆ ಮುನ್ನೂರರಿಂದ ಐನೂರು ವರ್ಷ ಬೇಕು. ಮೊದಲು, ಪಶ್ಚಿಮದ ಗಾಳಿ ಬೀಸುವ ಹಳೆಯ ದಿಬ್ಬಗಳ ಮರೆಯ ಮಗ್ಗುಲಲ್ಲಿ ಬಡನೆಲದ ಹುಲ್ಲನ್ನು ನೆಡಲಾಗುತ್ತದೆ. ಬೇರು ಹಿಡಿದ ಮಗ್ಗುಲು ಜಾರುವುದಿಲ್ಲ. ಗಾಳಿ ತಂದ ಮರಳು ಮೇಲೆ ಮೇಲೆ ಸೇರುತ್ತದೆ. ಹುಲ್ಲನ್ನೂ ಅದರೊಂದಿಗೆ ಮೇಲಕ್ಕೆ ಒಯ್ಯುತ್ತಾರೆ. ಹೀಗೆ 1,500 ಮೀಟರ್‌ಗೂ ಎತ್ತರದ ತಡೆಗೋಡೆಗಳು ಏಳುತ್ತವೆ. ಆಮೇಲೆ ಗಾಳಿಯ ಕಡೆಗೆ ಗಟ್ಟಿಯಾದ ಕತ್ತಿಹುಲ್ಲು. ಮರಳು ನಿಂತ ಮೇಲೆ ಚಕ್ಕೋತ ಸೊಪ್ಪು, ದಂಟಿನ ಜಾತಿಯ ಅಲ್ಪಾಯುಷಿ ಗಿಡಗಳು. ಅವುಗಳ ಹಿಂದೆ ಸ್ಕಾಚ್ ಬ್ರೂಮ್, ಲೂಪಿನ್, ಬಳ್ಳಿ ನೀಲಗಿರಿ, ಕುಳ್ಳ ಟಮರಿಸ್ಕ್, ಕರಾವಳಿಯ ಪೈನ್. ಕೊನೆಗೆ ನಿಜವಾದ ಮರುಭೂಮಿಯ ಸಸ್ಯಗಳಾದ ಕ್ಯಾಂಡೆಲಿಲ್ಲಾ, ಸಾಗ್ವಾರೊ ಕಳ್ಳಿ, ಪೀಪಾಯಿ ಕಳ್ಳಿ. ಬೇರೂರುವಲ್ಲೆಲ್ಲ ಗೋಬಿಯ ಗರಿಹುಲ್ಲು, ಕಾಡು ಕುದುರೆ ಮಸಾಲೆ ಸೊಪ್ಪು, ಕ್ರಿಯೋಸೋಟ್ ಪೊದೆ, ಹೊಗೆಮರ.

ಈ ಪಟ್ಟಿಯನ್ನು ಗಿಡ ಬಲ್ಲವರು ಓದಿದರೆ ಅದರ ಊರುಗಳು ಗೊತ್ತಾಗುತ್ತವೆ. ಸ್ಕಾಚ್ ಬ್ರೂಮ್ ಮತ್ತು ಕರಾವಳಿಯ ಪೈನ್ ಆರೆಗಾನ್ ದಿಬ್ಬಗಳಲ್ಲಿ ಹುಲ್ಲಿನ ಬೆನ್ನಿಗೇ ನೆಟ್ಟ ಗಿಡಗಳು. ಸಾಗ್ವಾರೊ ಸೊನೋರಾ ಮರುಭೂಮಿಯದು, ಮೇಣ ಕೊಡುವ ಕ್ಯಾಂಡೆಲಿಲ್ಲಾ ಚಿವಾವಾ ಮರುಭೂಮಿಯದು. ಆಯ್ಕೆಯ ಅನುಕ್ರಮದಲ್ಲಿ ತರ್ಕವಿದೆ. ಬ್ರೂಮ್, ಲೂಪಿನ್ ಎರಡೂ ಬೇಳೆಕಾಳಿನ ಕುಟುಂಬಕ್ಕೆ ಸೇರಿದವು. ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳ ಮೂಲಕ ಸಾರಜನಕವನ್ನು ನೆಲಕ್ಕೆ ಕೂಡಿಸುತ್ತವೆ. ಮರಳಿನಲ್ಲಿ ಇಲ್ಲದಿರುವುದೇ ಅದು. ಟಮರಿಸ್ಕ್ ಉಪ್ಪುನೆಲವನ್ನು ತಡೆದುಕೊಂಡು, ಹೆಚ್ಚಾದ ಉಪ್ಪನ್ನು ಎಲೆಯ ಮೂಲಕ ಹೊರಹಾಕುತ್ತದೆ. ಕ್ರಿಯೋಸೋಟ್ ಪೊದೆ ಬುಡದಿಂದ ಹೊಸ ಕವಲೊಡೆಯುತ್ತ ಉಂಗುರದಂತೆ ಹರಡುತ್ತದೆ. ಮೊಹಾವಿ ಮರುಭೂಮಿಯ ಅಂಥ ಉಂಗುರವೊಂದರ ವಯಸ್ಸನ್ನು 11,000 ವರ್ಷಕ್ಕೂ ಹೆಚ್ಚೆಂದು ಅಂದಾಜಿಸಲಾಗಿದೆ.

ಗಿಡಗಳ ಬೆನ್ನಿಗೆ ಪ್ರಾಣಿಗಳು ಬರುತ್ತವೆ. ನೆಲವನ್ನು ಬಿಲ ತೋಡಿ ಸಡಿಲಿಸಲು ಮರುಭೂಮಿಯ ನರಿ, ಮೊಲ, ಕಾಂಗರೂ ಇಲಿ. ಅವುಗಳ ಸಂಖ್ಯೆ ಮಿತಿ ಮೀರದಂತೆ ಗಿಡುಗ, ಗೂಬೆ. ಇವು ತಲುಪದ ಮೂಲೆಗಳಿಗೆ ಚೇಳು, ಜೇಡ, ಕಣಜ. ಅವನ್ನು ಹತೋಟಿಯಲ್ಲಿಡಲು ಬಾವಲಿ. ಆಮೇಲಷ್ಟೇ ಖರ್ಜೂರ, ಹತ್ತಿ, ಕರಬೂಜ, ಕಾಫಿ ಮೊದಲಾದ 200ಕ್ಕೂ ಹೆಚ್ಚು ಬೆಳೆಗಳ ಪರೀಕ್ಷೆ. ಬೆಳೆಯಿಂದ ಶುರುಮಾಡದೆ ಬೆಳೆಗೆ ಕೊನೆಯ ಸ್ಥಾನ ಕೊಟ್ಟದ್ದರಲ್ಲಿ ಹರ್ಬರ್ಟ್ ಅವರ ಪರಿಸರ ಜ್ಞಾನ ಕಾಣುತ್ತದೆ. ಗ್ರಹದ ಹಸಿರಿನಲ್ಲಿ ಶೇಕಡಾ 3ರಷ್ಟು ಆಹಾರವಾಗಬಲ್ಲ ಇಂಗಾಲದ ಸಂಯುಕ್ತಗಳ ತಯಾರಿಗೆ ತೊಡಗಿದರೆ ಸಾಕು, ಚಕ್ರ ತಾನಾಗಿ ತಿರುಗುತ್ತದೆ ಎಂಬುದು ಕೈನ್ಸ್‌ನ ಗುರಿ.

ಈ ಕಟ್ಟಡದಲ್ಲಿ ಬಿರುಕುಗಳೂ ಇವೆ. ಸಾಗ್ವಾರೊ ಕಳ್ಳಿ ಬರಿಯ ಇಬ್ಬನಿಯಿಂದ ಬದುಕುವ ಗಿಡವಲ್ಲ. ಸೊನೋರಾದ ಬೇಸಿಗೆ ಮಳೆಯನ್ನು ಹೀರಿ ಕಾಂಡದಲ್ಲಿ ತುಂಬಿಕೊಂಡು ಉಳಿದ ತಿಂಗಳುಗಳನ್ನು ಕಳೆಯುತ್ತದೆ. ಹೊಗೆಮರದ ಗಟ್ಟಿ ಬೀಜ ಮೊಳೆಯುವುದಕ್ಕೆ ಹಠಾತ್ ಪ್ರವಾಹದಲ್ಲಿ ಕಲ್ಲುಮರಳಿಗೆ ಉಜ್ಜಿ ಸಿಪ್ಪೆ ಸವೆಯಬೇಕು. ಮಳೆಯೇ ಇಲ್ಲದ ಗ್ರಹದಲ್ಲಿ ಎರಡಕ್ಕೂ ದಾರಿಯಿಲ್ಲ. ಭೂಮಿಯ ಮರುಭೂಮಿ ನೀರಿಲ್ಲದ ಜಾಗವಲ್ಲ, ನೀರು ಅಪರೂಪಕ್ಕೆ ಬಂದುಹೋಗುವ ಜಾಗ. ಅಲ್ಲಿನ ಗಿಡಗಳ ಮೈಕಟ್ಟೆಲ್ಲ ಆ ಅಪರೂಪದ ಬರುವಿಕೆಗೆ ಕಾದು ಕುಳಿತದ್ದು. ಇಡೀ ಗ್ರಹವನ್ನು ಒಂದೇ ಬಗೆಯ ಒಣನೆಲ ಮಾಡುವಾಗ ಈ ಸೂಕ್ಷ್ಮ ಹರ್ಬರ್ಟ್ ಅವರ ಕೈತಪ್ಪಿದೆ.

ಆದರೆ ಪರಿಣಾಮದ ವಿಷಯದಲ್ಲಿ ಅವರು ಎಡವಲಿಲ್ಲ. ನೀರು ಹುಳುವಿಗೆ ವಿಷವಾದ್ದರಿಂದ ಹಸಿರು ಹಬ್ಬಿದಷ್ಟೂ ಹುಳುವಿನ ನಾಡು ಕುಗ್ಗುತ್ತದೆ. 1981ರ ‘ಗಾಡ್ ಎಂಪರರ್ ಆಫ್ ಡ್ಯೂನ್’ ಕಾದಂಬರಿಯ ಹೊತ್ತಿಗೆ ಅರಾಕಿಸ್‌ನಲ್ಲಿ ಹೊಳೆ ಹರಿಯುತ್ತದೆ, ಕಾಡು ಬೆಳೆದಿದೆ. ಮರುಭೂಮಿ ಬೇಲಿಯೊಳಗಿನ ತುಣುಕಾಗಿ ಉಳಿದಿದೆ, ಹುಳುಗಳು ಕಾಣೆಯಾಗಿವೆ, ನೀರಿನ ಶಿಸ್ತಿನಲ್ಲಿ ಬೆಳೆದ ಫ್ರೆಮೆನ್ ಹಳೆಯ ಆಚಾರಗಳನ್ನು ಅರ್ಥ ಮರೆತು ಅಭಿನಯಿಸುತ್ತಿದ್ದಾರೆ. ಹಸಿರು ಗೆದ್ದಿದೆ, ನಾಡು ತನ್ನತನವನ್ನು ಕಳೆದುಕೊಂಡಿದೆ.

ಆರೆಗಾನ್‌ನಲ್ಲೂ ಅದೇ ಆಯಿತು. ಮರಳು ನಿಲ್ಲಿಸಲು ತಂದ ಯುರೋಪಿನ ಕಡಲತೀರದ ಹುಲ್ಲು ಎಷ್ಟು ಚೆನ್ನಾಗಿ ಹಬ್ಬಿತೆಂದರೆ, ಕಡಲಂಚಿಗೆ ಅದೇ ಕಟ್ಟಿದ ದಿಬ್ಬ ಒಳನಾಡಿಗೆ ಮರಳು ಬರದಂತೆ ತಡೆಯಿತು. ತೆರೆದ ಮರಳಿನಲ್ಲಿ ಮೊಟ್ಟೆಯಿಡುವ ಹಿಮ ಪ್ಲೋವರ್ ಹಕ್ಕಿಗೆ ನೆಲೆ ತಪ್ಪಿತು. 1993ರಲ್ಲಿ ಪಶ್ಚಿಮ ಕರಾವಳಿಯ ಆ ಹಕ್ಕಿ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು. ಈಗ ಅಲ್ಲಿ ಅದೇ ಹುಲ್ಲನ್ನು ಕೀಳಿಸುತ್ತಿದ್ದಾರೆ. ಭಾರತದಲ್ಲಿ ಒಣನೆಲಕ್ಕೆ ಹಸಿರು ಹೊದಿಸಲು ತಂದ ಅಮೆರಿಕ ಖಂಡಗಳ ಮೂಲದ ಪ್ರೊಸೋಪಿಸ್ ಜೂಲಿಫ್ಲೋರಾದ ಕಥೆಯೂ ಬೇರೆಯಲ್ಲ. ಕರ್ನಾಟಕದಲ್ಲಿ ಬಳ್ಳಾರಿ ಜಾಲಿ ಎನ್ನಿಸಿಕೊಂಡ ಅದು ಸೌದೆಯನ್ನೇನೋ ಕೊಟ್ಟಿತು. ಜೊತೆಗೆ ಗೋಮಾಳಗಳನ್ನೂ ಕೆರೆಯಂಗಳಗಳನ್ನೂ ನುಂಗಿತು.

ಬಂಜರು ಎಂದು ಹೆಸರಿಟ್ಟ ನೆಲದಲ್ಲಿ ಯಾವ ಗಿಡ ನೆಡಬೇಕು ಎನ್ನುವುದಕ್ಕಿಂತ ಮೊದಲು ಅಲ್ಲಿ ಈಗಾಗಲೇ ಯಾರು ಬದುಕಿದ್ದಾರೆ, ನೀರು ಯಾರ ಹತ್ತಿರವಿದೆ ಎಂದು ಕೇಳಬೇಕು. ಕಾಲ್ಪನಿಕ ಗ್ರಹವೊಂದರ ಭೂಗೋಳ ಮತ್ತು ಸಸ್ಯಾವಳಿಯಿಂದ ಅರಣ್ಯ ಇಲಾಖೆಗಳೂ ಕಲಿಯಬಹುದಾದ ಪಾಠ ಇಷ್ಟೇ, ಮತ್ತು ಇದು ಸಣ್ಣದಲ್ಲ.