ಸೆಕೆ ಬೇರೆ, ಬಿಸಿ ಬೇರೆ

ಬೇಸಿಗೆ ಬಂತೆಂದರೆ ಎಸಿ ಇರುವ ಮನೆಗಳಲ್ಲಿ ರಿಮೋಟಿಗಾಗಿ ಸಣ್ಣದೊಂದು ಯುದ್ಧ ಶುರು. ಮಗನಿಗೆ 18 ಡಿಗ್ರಿ ಬೇಕು, ಅಜ್ಜಿಗೆ ಅಷ್ಟಕ್ಕೆ ಮಂಡಿ ಹಿಡಿಯುತ್ತದೆ. ಅಮ್ಮ ಮಧ್ಯರಾತ್ರಿ ಎದ್ದು ಆಫ್ ಮಾಡ್ತಾರೆ, ಅರ್ಧ ಗಂಟೆಯಲ್ಲಿ ಎಲ್ಲರೂ ಬೆವರಿ ಏಳ್ತಾರೆ. ಮಂಗಳೂರು, ಉಡುಪಿ, ಕಾರವಾರದ ಕಡೆಯವರಿಗಂತೂ ಇದು ನಿತ್ಯದ ಕಥೆ. ಈ ಜಗಳದಲ್ಲಿ ತಪ್ಪು ಯಾರದ್ದೂ ಅಲ್ಲ. ರಿಮೋಟಿನಲ್ಲಿ ಕಾಣೋದು ಒಂದೇ ಅಂಕಿ, ಮೈಗೆ ತಾಗೋದು ಎರಡು ಸಂಗತಿ: ಗಾಳಿಯ ಬಿಸಿ ಮತ್ತು ಗಾಳಿಯೊಳಗಿನ ತೇವ.

ನಮ್ಮ ಮಾತಿನಲ್ಲೇ ಈ ವ್ಯತ್ಯಾಸ ಇದೆ ನೋಡಿ. ಕಲಬುರಗಿ, ರಾಯಚೂರಿನ ಮೇ ತಿಂಗಳ ಮಧ್ಯಾಹ್ನಕ್ಕೆ ಬಿಸಿಲಿನ ಝಳ ಅಂತೀವಿ, ಕರಾವಳಿಯದ್ದಕ್ಕೆ ಸೆಕೆ ಅಂತೀವಿ. 40 ಡಿಗ್ರಿ ದಾಟಿದ ಕಲಬುರಗಿಯಲ್ಲಿ ಬೆವರು ಬಂದ ಹಾಗೇ ಆರಿಹೋಗುತ್ತದೆ, ಆರುವಾಗ ಮೈಯ ಬಿಸಿಯನ್ನೂ ಒಯ್ಯುತ್ತದೆ. 34 ಡಿಗ್ರಿಯ ಮಂಗಳೂರಿನಲ್ಲಿ ಗಾಳಿ ಮೊದಲೇ ನೀರು ಕುಡಿದು ಕೂತಿರುತ್ತದೆ. ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ವಯಸ್ಸಾದವರಿಗೆ, ಎಳೆಗೂಸುಗಳಿಗೆ ಇದು ಬರೀ ಕಿರಿಕಿರಿಯಲ್ಲ, ಅಪಾಯ. ಆ ಕಡೆ ಚೆನ್ನಾಗಿ ಕೆಲಸ ಮಾಡುವ ನೀರಿನ ಕೂಲರ್ ಕರಾವಳಿಯಲ್ಲಿ ಸೋಲುವುದೂ ಇದಕ್ಕೇ. ತೇವದ ಗಾಳಿಗೆ ಅದು ಇನ್ನಷ್ಟು ತೇವ ಸೇರಿಸುತ್ತದೆ, ಅಷ್ಟೇ.

ಒಂದು ಲೆಕ್ಕ ಹೇಳ್ತೀನಿ. ಒಂದು ಘನ ಮೀಟರ್ ಗಾಳಿ 30 ಡಿಗ್ರಿಯಲ್ಲಿ ಸುಮಾರು 30 ಗ್ರಾಂ ನೀರಾವಿ ಹಿಡಿದಿಟ್ಟುಕೊಳ್ಳಬಲ್ಲದು, 20 ಡಿಗ್ರಿಯಲ್ಲಿ ಸುಮಾರು 17 ಗ್ರಾಂ ಮಾತ್ರ. ಅಂದರೆ ನೀರು ತೆಗೆಯದೆ ಬರೀ ತಂಪು ಮಾಡಿದರೆ ಗಾಳಿ ಇನ್ನೂ ಒದ್ದೆಯಾಗುತ್ತದೆ. ತಣ್ಣಗಿದ್ದರೂ ಹಾಸಿಗೆ ಅಂಟಂಟು ಅನ್ನಿಸುವುದು ಆಗಲೇ.

ಎಸಿಗೆ ನೀರು ತೆಗೆಯುವ ಕೆಲಸ ಹೊಸದೇನಲ್ಲ, ಅದು ಹುಟ್ಟಿದ್ದೇ ಅದಕ್ಕೆ. 1902ರಲ್ಲಿ ಅಮೆರಿಕದ ಬ್ರೂಕ್ಲಿನ್‌ನ ಒಂದು ಮುದ್ರಣಾಲಯದಲ್ಲಿ ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ. ಅದನ್ನು ಸರಿಪಡಿಸಲು ವಿಲಿಸ್ ಕ್ಯಾರಿಯರ್ ಎಂಬ ಎಂಜಿನಿಯರ್ ರೂಪಿಸಿದ ವ್ಯವಸ್ಥೆಯೇ ಇಂದಿನ ಎಸಿಯ ಮೂಲ. ಈಗಲೂ ಅದೇ ತತ್ವ: ಒಳಗಿನ ತಣ್ಣನೆಯ ಕಾಯಿಲ್ ಮೇಲೆ, ಫ್ರಿಜ್ಜಿನಿಂದ ತೆಗೆದ ಬಾಟಲಿ ಬೆವರುವ ಹಾಗೆ, ಗಾಳಿಯ ನೀರು ಹನಿಗಟ್ಟಿ ಪೈಪಿನಲ್ಲಿ ಹೊರಗೆ ಹೋಗುತ್ತದೆ. ಹೊರಗಿಟ್ಟ ಬಕೆಟ್ಟಿನಲ್ಲಿ ತುಂಬುವ ನೀರು ನಿಮ್ಮ ರೂಮಿನ ಸೆಕೆಯೇ! ಸೆಕೆಗಾಲದಲ್ಲಿ ಎಸಿ ಗಂಟೆಗಟ್ಟಲೆ ಓಡಿಯೂ ಹನಿ ಬೀಳದಿದ್ದರೆ ಮೆಕ್ಯಾನಿಕ್‌ಗೆ ತೋರಿಸಿ.

ಆದರೆ ಕಾಯಿಲ್ ನೀರು ಹಿಡಿಯಲು ಎಸಿ ಸಾಕಷ್ಟು ಹೊತ್ತು ಓಡಬೇಕು. ಸಣ್ಣ ರೂಮಿಗೆ "ಇರಲಿ ಬಿಡಿ" ಅಂತ ಎರಡು ಟನ್ನಿನದ್ದು ಹಾಕಿಸಿದರೆ ಅದು ಬೇಗ ತಂಪು ಮಾಡಿ ನಿಂತುಬಿಡುತ್ತದೆ. ಫ್ಯಾನ್ ಮಾತ್ರ ತಿರುಗುತ್ತಾ ಕಾಯಿಲ್ ಮೇಲಿನ ನೀರನ್ನು ಮತ್ತೆ ರೂಮಿಗೇ ಊದುತ್ತದೆ. ಆಗ ನಾವು ಇನ್ನೂ ಕೆಳಗೆ ಒತ್ತುತ್ತೇವೆ. ಅಳತೆಗೆ ತಕ್ಕ ಎಸಿ, ಅದರಲ್ಲೂ ನಿಧಾನವಾಗಿ ಓಡುತ್ತಲೇ ಇರುವ ಇನ್ವರ್ಟರ್ ಎಸಿ, ಇಲ್ಲಿ ಮೇಲು.

ಹಾಗಾದ್ರೆ ಎಷ್ಟಕ್ಕಿಡೋದು ಅಂತೀರಾ? 2020ರಿಂದ ನಮ್ಮಲ್ಲಿ ಸ್ಟಾರ್ ಗುರುತಿನ ಎಸಿಗಳು ಆನ್ ಮಾಡಿದಾಗ 24 ಡಿಗ್ರಿಯಲ್ಲೇ ಶುರುವಾಗಬೇಕೆಂಬ ನಿಯಮವಿದೆ. ಒಂದು ಡಿಗ್ರಿ ಏರಿಸಿದರೆ ಸುಮಾರು 6 ಶೇಕಡಾ ವಿದ್ಯುತ್ ಉಳಿಯುತ್ತದೆ ಎಂಬುದು ಇಂಧನ ದಕ್ಷತಾ ಬ್ಯೂರೋದ ಲೆಕ್ಕ. 25 ಅಥವಾ 26ಕ್ಕಿಟ್ಟು, ಎಸಿಯ ಗಾಳಿಯ ವೇಗ ತಗ್ಗಿಸಿ, ಮೇಲಿನ ಫ್ಯಾನನ್ನು ನಿಧಾನಕ್ಕೆ ಬಿಡಿ. ಬಾಗಿಲ ಸಂದು ಮುಚ್ಚಿ, ಹದಿನೈದು ದಿನಕ್ಕೊಮ್ಮೆ ಫಿಲ್ಟರ್ ತೊಳೆಯಿರಿ. ಒದ್ದೆ ಬಟ್ಟೆಯನ್ನು ಆ ರೂಮಿನಲ್ಲಿ ಹರವಬೇಡಿ.

ಮಳೆಗಾಲದಲ್ಲಿ ಲೆಕ್ಕ ಇನ್ನೂ ಬೇರೆ. ಹೊರಗೆ 26 ಡಿಗ್ರಿ ಇರುವಾಗ ಕೂಲ್ ಮೋಡಿಗೆ ಹೆಚ್ಚು ಕೆಲಸವಿಲ್ಲ, ಆದರೆ ಚಾಪೆ, ದಿಂಬು, ಪುಸ್ತಕ ಎಲ್ಲಕ್ಕೂ ಬೂಸ್ಟು. ರಿಮೋಟಿನಲ್ಲಿ ನೀರಿನ ಹನಿಯ ಚಿತ್ರವಿರುವ ಡ್ರೈ ಮೋಡ್ ಇರುವುದು ಇದಕ್ಕೇ. ರೂಮನ್ನು ತೀರಾ ತಣ್ಣಗೆ ಮಾಡದೆ ತೇವ ಎಳೆಯುತ್ತದೆ. ಮಕ್ಕಳಿಗೆ ಉಬ್ಬಸವಿರುವ ಮನೆಯವರು ಇದನ್ನು ಮರೆಯಬಾರದು. ಬೂಸ್ಟು, ಹಾಸಿಗೆಯ ಧೂಳಿನ ನುಸಿ ಎರಡೂ ತೇವದಲ್ಲೇ ಬೆಳೆಯುವಂಥವು, ಉಬ್ಬಸ ಕೆರಳಿಸುವಂಥವು.

ಎಸಿ ರೂಮಿನಲ್ಲಿ ಒಂದು ಬಟ್ಟಲು ನೀರಿಡಿ ಎಂಬ ಸಲಹೆ ವಾಟ್ಸ್ಆ್ಯಪಿನಲ್ಲಿ ಓಡಾಡುತ್ತಿರುತ್ತದೆ. ತುಟಿ ಒಡೆಯುವ, ಗಂಟಲು ಒಣಗುವ ಬಯಲುಸೀಮೆಯ ಒಣ ಹವೆಯಲ್ಲಿ ಅದಕ್ಕೆ ಅರ್ಥವುಂಟು. ಕರಾವಳಿಯಲ್ಲಿ ಅದು ಎಸಿ ಹೊರಹಾಕಿದ ನೀರನ್ನು ನಾವೇ ಒಳಗೆ ತಂದಿಟ್ಟ ಹಾಗೆ.

ನಿಮ್ಮ ಮನೆಗೆ ಯಾವುದು ಸರಿ ಎಂದು ತಿಳಿಯಲು ತೇವಾಂಶ ತೋರಿಸುವ ಪುಟ್ಟ ಡಿಜಿಟಲ್ ಮೀಟರ್ ಸಾಕು, ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. 40ರಿಂದ 60 ಶೇಕಡಾ ನಡುವೆ ಇದ್ದರೆ ಹಿತ. 70 ತೋರಿಸುತ್ತಿದ್ದರೆ ಡಿಗ್ರಿ ಇಳಿಸುವ ಮೊದಲು ತೇವ ಇಳಿಸಿ. ಆಮೇಲೆ 26 ಕೂಡ ಮಗನಿಗೆ ಸಾಕೆನಿಸುತ್ತದೆ, ಅಜ್ಜಿಗೂ ಎರಡನೇ ಕಂಬಳಿ ಬೇಕಾಗುವುದಿಲ್ಲ.