ಅಳಿಸಿಹೋದ ಟೆಲಿವಿಷನ್ನಿನ ಚರಿತ್ರೆ

1956ನೆಯ ಇಸವಿ ಸೆಪ್ಟೆಂಬರ್ 16ರ ರಾತ್ರಿ ಸಿಡ್ನಿ ನಗರದ ಟಿ.ಸಿ.ಎನ್. 9 ನಿಲಯದಿಂದ ಬ್ರೂಸ್ ಜಿಂಗೆಲ್ ಎಂಬ ತರುಣರು ನೋಡುಗರಿಗೆ ವಂದಿಸಿ, ಟೆಲಿವಿಷನ್ನಿಗೆ ಸ್ವಾಗತ ಕೋರಿದರು. ಆಸ್ಟ್ರೇಲಿಯದಲ್ಲಿ ಕ್ರಮಬದ್ಧವಾದ ಟೆಲಿವಿಷನ್ ಪ್ರಸಾರ ಮೊದಲಾದುದು ಹೀಗೆ. ದೆಹಲಿಯಲ್ಲಿ ನಮ್ಮ ಪ್ರಯೋಗ ಆರಂಭವಾಗುವುದಕ್ಕೆ ಮೂರು ವರ್ಷ ಮೊದಲು. ಆ ದೃಶ್ಯವನ್ನು ಅಲ್ಲಿಯ ಜನ ಎಷ್ಟೋ ಸಲ ಕಂಡಿದ್ದಾರೆ; ಪ್ರತಿ ವಾರ್ಷಿಕೋತ್ಸವದಲ್ಲಿಯೂ ಅದನ್ನೇ ತೋರಿಸುವ ಪದ್ಧತಿಯುಂಟು. ಆದರೆ ಜನ ಕಂಡುದು ಆ ರಾತ್ರಿಯ ಚಿತ್ರವನ್ನಲ್ಲ. ಆ ರಾತ್ರಿಯದು ಉಳಿಯಲೇ ಇಲ್ಲ. ಅದೇ ವ್ಯಕ್ತಿಯಿಂದ ಅದೇ ಮಾತನ್ನು ಅನಂತರ ಮತ್ತೊಮ್ಮೆ ಆಡಿಸಿ ತೆಗೆದುದು ಈ ಚಿತ್ರ. ಒಂದು ಮಾಧ್ಯಮದ ಹುಟ್ಟೇ ಮರುನಟನೆಯ ರೂಪದಲ್ಲಿ ಉಳಿದುಬಂದಿದೆಯೆಂದಮೇಲೆ, ಅದರ ಚರಿತ್ರೆಯನ್ನು ಕೆದಕುವ ನೋಡುಗರ ಕುತೂಹಲವನ್ನು ಕೆಲಸವಿಲ್ಲದವರ ಹವ್ಯಾಸವೆಂದು ತಳ್ಳಿಹಾಕುವಂತಿಲ್ಲ.

ಮೇಲುನೋಟಕ್ಕೆ ಅದು ಹಾಗೆ ತೋರುವುದು ನಿಜ. ಯಾವ ಊರಿಗೆ ಯಾವಾಗ ಟೆಲಿವಿಷನ್ ಬಂತು, ಬಣ್ಣ ಎಂದು ಬಂತು ಎಂಬಂಥ ಪ್ರಶ್ನೆಗಳಿಗೆ ಯಾವ ಪುಸ್ತಕ ತೆರೆದರೂ ಉತ್ತರ ಸಿಕ್ಕೀತು. ಮೆಲ್ಬರ್ನ್ ನಗರಕ್ಕೆ 1956ರ ಒಲಿಂಪಿಕ್ ಕ್ರೀಡೆಗಳ ವೇಳೆಗೆ ಬಂತು. ಬ್ರಿಸ್ಬೇನ್, ಅಡಿಲೇಡ್, ಪರ್ತ್ ನಗರಗಳಿಗೆ 1959ರಲ್ಲಿ. ದೂರದ ಡಾರ್ವಿನ್ನಿಗೆ 1971ರಲ್ಲಿ. ಬಣ್ಣ ಬಂದುದು 1975ರ ಮಾರ್ಚ್ 1ರಂದು. ಇಷ್ಟು ಸುಲಭ. ನೋಡುಗರು ಇನ್ನೊಂದು ಪ್ರಶ್ನೆ ಕೇಳುತ್ತಾರೆ: ಬಾಲ್ಯದಲ್ಲಿ ನಾನು ನೋಡಿದ ಆ ಕಾರ್ಯಕ್ರಮ ಈಗ ಎಲ್ಲಿದೆ? ಇದಕ್ಕೆ ಉತ್ತರ ಹೇಳಬೇಕಾದವರು ಬಹುಕಾಲ ತಲೆ ತಗ್ಗಿಸಿಕೊಳ್ಳಬೇಕಾಯಿತು.

ಅದಕ್ಕೆ ಕಾರಣ ದ್ವೇಷವಲ್ಲ, ಲೆಕ್ಕಾಚಾರ. ಮೊದಲ ವರ್ಷಗಳ ಬಹುಪಾಲು ಕಾರ್ಯಕ್ರಮ ನೇರ ಪ್ರಸಾರ. ಆಡಿದ ಮಾತು ಗಾಳಿಯಲ್ಲಿ ಕರಗಿತು. ಬೇಕೆನಿಸಿದರೆ ಟೆಲಿವಿಷನ್ ತೆರೆಯ ಮುಂದೆ ಫಿಲ್ಮ್ ಕ್ಯಾಮರ ಇಟ್ಟು ಪ್ರತಿ ತೆಗೆಯುತ್ತಿದ್ದರು. ಎರಡಂಗುಲ ಅಗಲದ ವಿಡಿಯೊ ಟೇಪು ಬಂದಮೇಲೆ ಉಳಿಸುವುದು ಸಾಧ್ಯವಾಯಿತು. ಆದರೆ ಟೇಪಿನ ಬೆಲೆ ವಿಪರೀತ, ಅಳಿಸಿ ಮತ್ತೆ ಬಳಸುವ ಸೌಕರ್ಯವೋ ಅದರಲ್ಲಿಯೇ ಇತ್ತು. ಮರುಪ್ರಸಾರ ಮುಗಿದ ಕಾರ್ಯಕ್ರಮಕ್ಕೆ ಬೆಲೆಯಿಲ್ಲ, ಖಾಲಿ ಟೇಪಿಗೆ ಬೆಲೆಯಿದೆ. ಸಿಡ್ನಿಯ ಒಂದು ವಸತಿ ಕಟ್ಟಡದ ನಿವಾಸಿಗಳ ಕಥೆ ಹೇಳುವ 'ನಂಬರ್ 96' 1972ರಿಂದ 1977ರವರೆಗೆ ದೇಶವನ್ನೇ ಹಿಡಿದು ಕೂರಿಸಿದ ಧಾರಾವಾಹಿ. ಅದರ ಕಪ್ಪು-ಬಿಳುಪಿನ ಕಂತುಗಳಲ್ಲಿ ಬಹುತೇಕ ಎಲ್ಲವೂ ಅಳಿಸಿಹೋದವು. ಸರ್ಕಾರಿ ಸಂಸ್ಥೆಯಾದ ಎ.ಬಿ.ಸಿ.ಯೂ ಹಿಂದೆ ಬೀಳಲಿಲ್ಲ: 1974ರಲ್ಲಿ ತೊಡಗಿದ 'ಕೌಂಟ್‌ಡೌನ್' ಸಂಗೀತ ಕಾರ್ಯಕ್ರಮದ ಎಷ್ಟೋ ಆರಂಭದ ಕಂತುಗಳು ಮಿತವ್ಯಯದ ಹೆಸರಿನಲ್ಲಿ ನಾಶವಾದವು. ಮುದ್ರಿತ ಪುಸ್ತಕದ ಒಂದು ಪ್ರತಿಯನ್ನು ಗ್ರಂಥಾಲಯಕ್ಕೆ ಒಪ್ಪಿಸಬೇಕೆಂಬ ಕಾಯಿದೆ ಆಗಲೇ ಇತ್ತು. ಲಕ್ಷಾಂತರ ಜನ ನೋಡಿದ ಕಾರ್ಯಕ್ರಮಕ್ಕೆ ಅಂಥ ರಕ್ಷಣೆ ಇರಲಿಲ್ಲ.

ಇಲ್ಲೊಂದು ವಿನೋದವುಂಟು. ಬ್ರಿಟನ್ನಿನ ಬಿ.ಬಿ.ಸಿ. ತನ್ನ 'ಡಾಕ್ಟರ್ ಹೂ' ಮಾಲೆಯ 1960ರ ದಶಕದ ಅನೇಕ ಕಂತುಗಳನ್ನು ತಾನೇ ಅಳಿಸಿತು. ಅದೇ ಕಂತುಗಳು ಆಸ್ಟ್ರೇಲಿಯಕ್ಕೆ ಬಂದಾಗ, ಮಕ್ಕಳು ಹೆದರಿಯಾರೆಂದು ಅಲ್ಲಿಯ ಸೆನ್ಸಾರ್ ಮಂಡಲಿ ಕೆಲವು ತುಣುಕುಗಳನ್ನು ಕತ್ತರಿಸಿತ್ತು. 1996ರಲ್ಲಿ ಅಭಿಮಾನಿಗಳು ಹುಡುಕಿ ನೋಡಿದರೆ, ಆ ತುಣುಕುಗಳು ಆಸ್ಟ್ರೇಲಿಯದ ರಾಷ್ಟ್ರೀಯ ದಫ್ತರ ಭಂಡಾರದಲ್ಲಿ ಭದ್ರವಾಗಿದ್ದವು! ತಯಾರಿಸಿದವರು ಕಳೆದುದನ್ನು ಕತ್ತರಿಸಿದವರು ಕಾಪಾಡಿದ್ದರು. ಕೆಲವು ಕಂತುಗಳಲ್ಲಿ ಇಂದು ಚಲಿಸುವ ಚಿತ್ರವಾಗಿ ಉಳಿದಿರುವುದು ಮುಖ್ಯವಾಗಿ ಈ ಭಯಂಕರ ಕ್ಷಣಗಳೇ.

ನೋಡುಗರ ಕುತೂಹಲ ಕಳೆದುದನ್ನು ಹುಡುಕುವುದಷ್ಟೇ ಅಲ್ಲ, ಕಟ್ಟುಕಥೆಯನ್ನು ತಿದ್ದುವುದೂ ಉಂಟು. 1969ರ ಜುಲೈಯಲ್ಲಿ ಮನುಷ್ಯ ಚಂದ್ರನ ಮೇಲೆ ಇಳಿದಾಗಿನ ಚಿತ್ರಗಳನ್ನು ಜಗತ್ತಿಗೆ ಒದಗಿಸಿದುದು ಪಾರ್ಕ್ಸ್ ಎಂಬಲ್ಲಿಯ ದೊಡ್ಡ ದೂರದರ್ಶಕವೆಂದು ಬಹುಮಂದಿ ನಂಬಿದ್ದಾರೆ. 2000ದಲ್ಲಿ ಬಂದ 'ದಿ ಡಿಶ್' ಚಲನಚಿತ್ರ ಈ ನಂಬಿಕೆಯನ್ನು ಗಟ್ಟಿಮಾಡಿತು. ಆರ್ಮ್‌ಸ್ಟ್ರಾಂಗರ ಮೊದಲ ಹೆಜ್ಜೆಯ ಚಿತ್ರ ಬಂದುದಾದರೋ ಕ್ಯಾನ್‌ಬೆರದ ಬಳಿಯ ಹನಿಸಕಲ್ ಕ್ರೀಕ್ ನಿಲಯದ ಮೂಲಕ. ಪಾರ್ಕ್ಸ್‌ನ ಪಾಳಿ ಕೆಲವು ನಿಮಿಷಗಳ ಅನಂತರ ಬಂತು, ಉಳಿದ ಎರಡು ಗಂಟೆ ಅದರದೇ. ಮೂಲ ಟೇಪುಗಳನ್ನು ಕೇಳಿದಾಗ, ಅವನ್ನೂ ಅಳಿಸಿ ಮರುಬಳಸಿರಬೇಕೆಂದು ಅಮೆರಿಕದ ನಾಸಾ ಸಂಸ್ಥೆ 2009ರಲ್ಲಿ ಒಪ್ಪಿಕೊಂಡಿತು. ಚಿತ್ರವನ್ನು ಮತ್ತೆ ಸರಿಪಡಿಸಲು ನೆರವಾದ ಪ್ರತಿಗಳಲ್ಲಿ ಸಿಡ್ನಿಯಲ್ಲಿ ಮುದ್ರಿಸಿದ್ದ ಒಂದು ಟೇಪಿನ ನಕಲೂ ಸೇರಿತ್ತು.

ಉಳಿದ ಟೇಪುಗಳೂ ಸುಖವಾಗಿಲ್ಲ. ಕಾಂತಲೇಪ ಉದುರುತ್ತದೆ, ಅದನ್ನು ಓಡಿಸುವ ಯಂತ್ರಗಳ ತಯಾರಿಕೆ ನಿಂತಿದೆ, ಯಂತ್ರ ಬಲ್ಲವರು ನಿವೃತ್ತರಾಗುತ್ತಿದ್ದಾರೆ. 2025ರೊಳಗೆ ನಕಲಾಗದ ಟೇಪು ಬಹುಪಾಲು ನಷ್ಟವಾದಂತೆಯೇ ಸರಿ ಎಂದು ಅಲ್ಲಿಯ ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಭಂಡಾರವು 2015ರಲ್ಲಿಯೇ ಎಚ್ಚರಿಸಿತ್ತು. ಅಂಥಲ್ಲಿ ಯಾವುದನ್ನು ಮೊದಲು ಉಳಿಸುವುದು? ಈ ವಿಷಯದಲ್ಲಿ ನೋಡುಗರ ಕುತೂಹಲವನ್ನು ಪೂರ್ತಿ ನಂಬಲು ನನಗೆ ಧೈರ್ಯವಿಲ್ಲ. ಅದು ತನ್ನ ಬಾಲ್ಯವನ್ನು ಹುಡುಕುತ್ತದೆ. ಜನಪ್ರಿಯವಾದುದರ ಹಿಂದೆ ಹೋಗುತ್ತದೆ. ಮಧ್ಯ ಮರುಭೂಮಿಯ ಯುಎಂಡುಮು ಎಂಬಲ್ಲಿ ವಾರ್ಲ್‌ಪಿರಿ ಜನರು 1985ರಲ್ಲಿ, ಪರವಾನಗಿಗೂ ಕಾಯದೆ, ತಮ್ಮ ಭಾಷೆಯಲ್ಲಿ ತಮ್ಮದೇ ಟೆಲಿವಿಷನ್ ನಡೆಸತೊಡಗಿದರು. ಉಪಗ್ರಹದಿಂದ ಇಂಗ್ಲಿಷು ಸುರಿಯುವ ಮೊದಲು ಹಿರಿಯರ ಮಾತು, ಕಥೆ, ಕುಣಿತ ದಾಖಲಾಗಲೆಂಬುದು ಅವರ ಆತುರ. 'ನಂಬರ್ 96'ರ ಒಂದು ಕಂತು ಸಿಕ್ಕಿದರೆ ಸಂಭ್ರಮಿಸುವವರು ಸಾವಿರಾರು. ಆ ವಾರ್ಲ್‌ಪಿರಿ ಟೇಪುಗಳನ್ನು ಕೇಳಿಕೊಂಡು ಬರುವವರು ಹೆಚ್ಚಾಗಿ, ಅದರಲ್ಲಿ ಮಾತಾಡಿದ ಹಿರಿಯರ ಮೊಮ್ಮಕ್ಕಳು.