ಕಿಟ್ ಮುಗಿದ ಮೇಲೂ ಕಂತು ಬರುತ್ತದೆ

ಬಂಟ್ವಾಳದಿಂದ ಹೊರಡುವ ರಾಷ್ಟ್ರೀಯ ಹೆದ್ದಾರಿ 75 ಶಿರಾಡಿ ಘಾಟಿ ಹತ್ತಿ, ಹಾಸನ, ಬೆಂಗಳೂರು ದಾಟಿ, ಕೋಲಾರ, ಮುಳಬಾಗಿಲು ಹಾದು ಆಂಧ್ರದ ಗಡಿ ಸೇರುತ್ತದೆ. ಈ ದಾರಿಯಲ್ಲಿ ನಮ್ಮವರು ವ್ಯಾಪಾರಕ್ಕೆ ಹೋಗುತ್ತಾರೆ, ಮುಳಬಾಗಿಲಿನ ಹೈದರ್ ವಲಿ ದರ್ಗಾದ ಝಿಯಾರತ್‌ಗೂ ಹೋಗುತ್ತಾರೆ. ಇದೇ ದಾರಿಯಲ್ಲಿ ರಮಝಾನ್ ತಿಂಗಳಲ್ಲಿ ಘಟ್ಟದ ಮೇಲಿನ ಬಡ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ನಮ್ಮ ಕರಾವಳಿಯ ಮಸೀದಿ ಬಾಗಿಲಿಗೆ ಬರುತ್ತಾರೆ. ನಾವು ನೂರೋ ಇನ್ನೂರೋ ಕೊಟ್ಟು ಕಳಿಸುತ್ತೇವೆ. ಅವರು ಯಾಕೆ ಬಂದರು, ಆ ದುಡ್ಡು ಎಲ್ಲಿಗೆ ಹೋಯಿತು ಅಂತ ಕೇಳುವವರು ಕಡಿಮೆ.

ಅನೇಕ ಮನೆಗಳಲ್ಲಿ ಆ ದುಡ್ಡು ಒಲೆಯ ತನಕ ಹೋಗುವುದೇ ಇಲ್ಲ. ನೇರ ಸಾಲದ ಕಂತಿಗೆ ಹೋಗುತ್ತದೆ. ಕಷ್ಟದಲ್ಲಿರುವ ಕುಟುಂಬಗಳಿಗೆ ನೆರವಾಗುವ ನಮ್ಮ ಯುವಕರು, ದಾನಿಗಳು, ಜಮಾಅತ್‌ಗಳು ಈಗ ಯೋಚಿಸಬೇಕಾದದ್ದು ಇದನ್ನೇ. ಅಕ್ಕಿ ಕೊಡುವುದನ್ನು ನಾವು ಚೆನ್ನಾಗಿ ಕಲಿತಿದ್ದೇವೆ. ಸಾಲ ಇಳಿಸುವುದನ್ನು ಇನ್ನೂ ಕಲಿತಿಲ್ಲ.

2020ರಲ್ಲಿ ಕೋಲಾರ ತೋರಿಸಿದ್ದು

ನೆರವು ಅಂದರೆ ಏನು ಎಂದು ಕೋಲಾರದಿಂದ ನಾವು ಕಲಿಯುವುದೂ ಇದೆ. 2020ರ ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿಕೊಂಡಾಗ, ಕೋಲಾರದ ತಜಮ್ಮುಲ್ ಪಾಷಾ ಮತ್ತು ಮುಝಮ್ಮಿಲ್ ಪಾಷಾ ಎಂಬ ಸಹೋದರರು ತಮ್ಮ ಜಾಗವನ್ನು 25 ಲಕ್ಷ ರೂಪಾಯಿಗೆ ಮಾರಿದರು. ಆ ದುಡ್ಡಿನಲ್ಲಿ ಅಕ್ಕಿ, ಗೋಧಿ, ಎಣ್ಣೆ, ಸಕ್ಕರೆ, ಚಹಾಪುಡಿ ಕೊಂಡು ಮನೆ ಮನೆಗೆ ಹಂಚಿದರು. ಮನೆ ಪಕ್ಕದಲ್ಲೇ ಟೆಂಟ್ ಹಾಕಿ ಅಡುಗೆ ಮಾಡಿಸಿದರು. ಜಾತಿ, ಧರ್ಮ ಕೇಳಲಿಲ್ಲ. ಸುದ್ದಿ ರಾಷ್ಟ್ರೀಯ ಪತ್ರಿಕೆಗಳಲ್ಲೂ ಬಂತು.

ಅವರು ದೊಡ್ಡ ಶ್ರೀಮಂತರಲ್ಲ. ಚಿಕ್ಕಂದಿನಲ್ಲೇ ಹೆತ್ತವರನ್ನು ಕಳೆದುಕೊಂಡು ಅಜ್ಜಿಯ ಆಸರೆಯಲ್ಲಿ ಬೆಳೆದವರು. ಆಗ ಧರ್ಮ ನೋಡದೆ ಜನರು ತಮ್ಮ ಕೈ ಹಿಡಿದಿದ್ದರು ಎಂಬುದನ್ನು ನೆನೆದೇ ಈ ಕೆಲಸಕ್ಕೆ ಇಳಿದವರು. ಹಸಿವು ಅನುಭವಿಸಿದವರಿಗೆ ಹಸಿದವರ ಮನೆ ಎಲ್ಲಿದೆ ಅಂತ ಹುಡುಕಬೇಕಾಗಿಲ್ಲ, ಅಲ್ವಾ? ಊರಿನ ಗಲ್ಲಿ ಗೊತ್ತಿದ್ದವರ ಕೈಯಲ್ಲಿ ದಾನ ಸರಿಯಾದ ಮನೆ ಸೇರುತ್ತದೆ. ಇದು ಮೊದಲ ಪಾಠ.

ಆದರೆ ಲಾಕ್‌ಡೌನ್ ಒಂದು ಆಪತ್ತು. ಅದು ಬಂತು, ಹೋಯಿತು. ಪ್ರತಿ ವಾರ ಬಂದು ಬಾಗಿಲು ತಟ್ಟುವ ಆಪತ್ತಿಗೆ ಒಬ್ಬರ ಜಾಗ ಮಾರಿದರೆ ಸಾಲದು.

ಆದಾಯ ಋತುವಿಗೆ, ಕಂತು ವಾರಕ್ಕೆ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಬಡವರ ಬದುಕು ಹೇಗೆ ನಡೆಯುತ್ತದೆ ನೋಡಿ. ಕೋಲಾರದ ಎಪಿಎಂಸಿ ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು. 2023ರ ಜುಲೈಯಲ್ಲಿ 15 ಕಿಲೋದ ಒಂದು ಬಾಕ್ಸ್ 2,000 ರೂಪಾಯಿ ದಾಟಿತ್ತು. ಅದೇ ಟೊಮೆಟೊ ಬೆಲೆ ಬಿದ್ದರೆ ರಸ್ತೆ ಬದಿಗೆ ಸುರಿಯುತ್ತಾರೆ. ಶ್ರೀನಿವಾಸಪುರ ಮಾವಿನ ನಾಡು. 2025ರ ಜೂನ್‌ನಲ್ಲಿ ತೋತಾಪುರಿ ಬೆಲೆ ನೆಲಕಚ್ಚಿದಾಗ ಅಲ್ಲಿ ಬಂದ್ ನಡೆಯಿತು. ಬೆಲೆ ಬಿದ್ದರೆ ರೈತನಿಗೆ ನಷ್ಟ. ಆದರೆ ಮಂಡಿಯಲ್ಲಿ ಬಾಕ್ಸ್ ಹೊರುವವನಿಗೆ, ಹಣ್ಣು ಆರಿಸುವ ಹೆಂಗಸಿಗೆ, ಗಾಡಿ ಓಡಿಸುವವನಿಗೆ ಅವತ್ತಿನ ಕೂಲಿಯೇ ಇಲ್ಲ. ರೈತನ ಹೆಸರಲ್ಲಿ ಪರಿಹಾರ ಬಂದರೂ ಕೂಲಿಯವರ ಹೆಸರು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಮಾಲೂರಿನ ಇಟ್ಟಿಗೆ ಗೂಡುಗಳು ಮಳೆಗಾಲದಲ್ಲಿ ತಣ್ಣಗಾಗುತ್ತವೆ. ರೇಷ್ಮೆ ನೂಲು ಬಿಚ್ಚುವ ಮನೆಗಳಲ್ಲಿ ಗೂಡಿನ ಬೆಲೆ ಏರಿದರೂ ಕಷ್ಟ, ನೂಲಿನ ಬೆಲೆ ಇಳಿದರೂ ಕಷ್ಟ.

ದುಡಿಮೆ ಹೀಗೆ ಏರಿ ಇಳಿಯುತ್ತದೆ. ಸಂಘದ ಸಾಲದ ಕಂತು ಮಾತ್ರ ಏರುವುದೂ ಇಲ್ಲ, ಇಳಿಯುವುದೂ ಇಲ್ಲ, ತಪ್ಪುವುದೂ ಇಲ್ಲ.

ಒಂದು ಲೆಕ್ಕ ಹಾಕೋಣ. 50,000 ರೂಪಾಯಿ ಸಾಲ, ವರ್ಷಕ್ಕೆ ಶೇ. 24 ಬಡ್ಡಿ, ಎರಡು ವರ್ಷ ಅಂದರೆ ತಿಂಗಳಿಗೆ ಸುಮಾರು 2,640 ರೂಪಾಯಿ ಕಟ್ಟಬೇಕು. ಮುಗಿಯುವ ಹೊತ್ತಿಗೆ 13,000ಕ್ಕೂ ಹೆಚ್ಚು ಬಡ್ಡಿಯೇ ಹೋಗಿರುತ್ತದೆ. ಅಂಥ ಮೂರು ಸಾಲ ಇದ್ದರೆ ತಿಂಗಳಿಗೆ 8,000ದ ಹತ್ತಿರ. ಗೃಹಲಕ್ಷ್ಮಿಯ 2,000 ಬಂದರೆ ಒಂದು ಸಾಲದ ಒಂದು ಕಂತಿಗೂ ಪೂರ್ತಿ ಸಾಲದು. ನಾವು ಕೊಡುವ 1,500 ರೂಪಾಯಿಯ ರಮಝಾನ್ ಕಿಟ್ ಆ ಮನೆಯಲ್ಲಿ ಮಾಡುವುದು ಇಷ್ಟೇ: ಅಕ್ಕಿಗೆ ಇಟ್ಟಿದ್ದ ದುಡ್ಡು ಉಳಿಯುತ್ತದೆ, ಉಳಿದ ದುಡ್ಡು ಕಂತಿಗೆ ಹೋಗುತ್ತದೆ. ಕಿಟ್ ಕೊಡುವುದು ತಪ್ಪು ಅಂತ ನಾವು ಹೇಳುತ್ತಿಲ್ಲ. ಹಸಿದವರಿಗೆ ಮೊದಲು ಅನ್ನವೇ ಬೇಕು. ಆದರೆ ವರ್ಷ ವರ್ಷವೂ ಅದೇ ಮನೆ ಅದೇ ಪಟ್ಟಿಯಲ್ಲಿ ಇದ್ದರೆ, ನಮ್ಮ ದಾನ ಆ ಮನೆಯ ಮೂಲ ಕಷ್ಟವನ್ನು ಮುಟ್ಟಿಲ್ಲ ಎಂದೇ ಅರ್ಥ.

2009ರಲ್ಲಿ ಅಂಜುಮನ್ ಮಾಡಿದ್ದು

ಈ ಸಾಲದ ವಿಷಯದಲ್ಲಿ ಕೋಲಾರಕ್ಕೆ ಒಂದು ಇತಿಹಾಸವಿದೆ. ನಮ್ಮ ಜಮಾಅತ್‌ಗಳು ಅದನ್ನು ತಿಳಿದಿರಬೇಕು. 2009ರ ಆರಂಭದಲ್ಲಿ ಕೋಲಾರದ ಅಂಜುಮನ್ ಸಮಿತಿ, ಮೈಕ್ರೋಫೈನಾನ್ಸ್ ಕಂಪೆನಿಗಳ ಸಾಲದ ಕಂತು ಕಟ್ಟಬಾರದು ಎಂದು ಮುಸ್ಲಿಂ ಮಹಿಳೆಯರಿಗೆ ಹೇಳಿತು. ರಾಮನಗರ, ಶಿಡ್ಲಘಟ್ಟ, ಮೈಸೂರಿನ ಮೊಹಲ್ಲಾಗಳಲ್ಲೂ ಇದೇ ಮಾತು ಕೇಳಿಬಂತು. ಬಡ್ಡಿ ಹರಾಂ, ವಸೂಲಿಗೆ ಬರುವ ಗಂಡಸರ ಎದುರು ಹೆಂಗಸರು ಕೂರಬೇಕಾಗುತ್ತದೆ, ಸಾಲದಿಂದ ಮನೆಗಳಲ್ಲಿ ಜಗಳ, ಒಬ್ಬಳು ಕಟ್ಟದಿದ್ದರೆ ಇಡೀ ಗುಂಪು ಅವಳ ಬಾಗಿಲಲ್ಲಿ ನಿಲ್ಲುತ್ತದೆ ಎಂಬೆಲ್ಲ ಕಾರಣಗಳಿದ್ದವು. ಆ ಹೊತ್ತಿಗೆ ರೇಷ್ಮೆ ಕಸುಬು ಸಹ ಕುಗ್ಗಿತ್ತು. ಒಬ್ಬೊಬ್ಬ ಹೆಂಗಸು ಮೂರು ನಾಲ್ಕು ಕಂಪೆನಿಗಳ ಸಾಲ ಹೊತ್ತಿದ್ದಳು.

ಕಾರಣಗಳು ಸುಳ್ಳಲ್ಲ. ಆದರೆ ಮುಂದೇನಾಯಿತು? ಕಂತು ನಿಂತಿತು, ಜೊತೆಗೆ ಸಾಲವೂ ನಿಂತಿತು. ಕಂಪೆನಿಗಳು ಆ ಮೊಹಲ್ಲಾಗಳಿಗೆ ಹೊಸ ಸಾಲ ನಿಲ್ಲಿಸಿದವು. ಕಟ್ಟಬೇಕು ಅಂತ ಮನಸ್ಸಿದ್ದ ಹೆಂಗಸೂ ಗುಂಪು ಒಡೆದದ್ದರಿಂದ ಕಟ್ಟಲಾಗದೆ ಬಾಕಿದಾರಳಾದಳು. ಆಸ್ಪತ್ರೆ ಖರ್ಚು, ಮಕ್ಕಳ ಶಾಲೆ ಫೀಸು, ನೂಲಿಗೆ ಗೂಡು ಕೊಳ್ಳುವ ಬಂಡವಾಳ ಯಾವುದೂ ನಿಲ್ಲಲಿಲ್ಲ. ಅಂಥವರಿಗೆ ಉಳಿದದ್ದು ಕೈಸಾಲದವರ ಬಾಗಿಲು. ಅಲ್ಲಿಯ ಬಡ್ಡಿ ಇನ್ನೂ ಹೆಚ್ಚು.

‘ಬೇಡ’ ಅಂತ ಹೇಳುವುದು ಸುಲಭ. ‘ಅಲ್ಲಿ ಬೇಡ, ಇಲ್ಲಿ ತಗೋ’ ಅಂತ ಹೇಳಲು ಕೈಯಲ್ಲಿ ನಿಧಿ ಬೇಕು, ಪುಸ್ತಕ ಬೇಕು, ಕೂತು ಕೆಲಸ ಮಾಡುವವರು ಬೇಕು. 2009ರಲ್ಲಿ ‘ಬೇಡ’ ಎಂಬ ಮಾತಿತ್ತು, ಅಷ್ಟು ದೊಡ್ಡ ಅಗತ್ಯಕ್ಕೆ ಸಾಲುವ ‘ಇಲ್ಲಿ ತಗೋ’ ಇರಲಿಲ್ಲ.

ಕಾನೂನು ಬಂತು, ಸಾಲ ಉಳಿಯಿತು

ಆಮೇಲೆ ನಿಯಮಗಳು ಬಂದವು. 2022ರ ಮಾರ್ಚ್‌ನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ನಿಯಮದ ಕೆಲವು ಅಂಶ ನಮ್ಮ ಪ್ರತಿ ಮನೆಗೂ ಗೊತ್ತಿರಬೇಕು. ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯವಿರುವ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವುದೇ ಮೈಕ್ರೋಫೈನಾನ್ಸ್ ಸಾಲ. ಆ ಕುಟುಂಬದ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ದಾಟಬಾರದು. ಬೆಳಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಫೋನ್ ಮಾಡುವಂತಿಲ್ಲ. ಬೈಯುವಂತಿಲ್ಲ, ಬೆದರಿಸುವಂತಿಲ್ಲ. ಅವಧಿಗೆ ಮುಂಚೆ ಸಾಲ ತೀರಿಸಿದರೆ ದಂಡ ಹಾಕುವಂತಿಲ್ಲ.

ರಾಜ್ಯದಲ್ಲಿ ವಸೂಲಿಯವರ ಕಾಟದಿಂದ ಊರು ಬಿಟ್ಟವರ, ಜೀವ ಕಳೆದುಕೊಂಡವರ ಸುದ್ದಿ ಸಾಲು ಸಾಲಾಗಿ ಬಂದ ಮೇಲೆ 2025ರ ಫೆಬ್ರವರಿಯಲ್ಲಿ ಸರಕಾರ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಎಂದಿತು. ಒಳ್ಳೆಯದೇ. ಆದರೆ ಕಾನೂನು ಬಾಗಿಲು ತಟ್ಟುವ ಕೈಯನ್ನು ತಡೆಯಬಹುದು, ಎಲ್ಲರ ಸಾಲವನ್ನು ತೀರಿಸುವುದಿಲ್ಲ. ಅದು ನಮ್ಮ ಕೆಲಸ.

ಝಕಾತ್‌ನಲ್ಲಿ ಸಾಲಗಾರನ ಪಾಲು

ಝಕಾತ್‌ಗೆ ಹಕ್ಕುದಾರರು ಎಂಟು ವರ್ಗ ಎಂದು ಮದ್ರಸದಲ್ಲೇ ಕಲಿತಿದ್ದೇವೆ. ಫಕೀರ್, ಮಿಸ್ಕೀನ್ ನಮ್ಮ ನೆನಪಲ್ಲಿದ್ದಾರೆ. ಅದೇ ಪಟ್ಟಿಯಲ್ಲಿ ಸಾಲದಲ್ಲಿ ಮುಳುಗಿದವನೂ ಇದ್ದಾನೆ, ಝಕಾತ್ ಸಂಗ್ರಹಿಸಿ ಹಂಚುವ ಕೆಲಸದವನೂ ಇದ್ದಾನೆ. ಅಂದರೆ ಸಾಲ ತೀರಿಸುವುದೂ ದೀನಿನ ಕೆಲಸ, ಅದಕ್ಕೆ ಲೆಕ್ಕ ಬರೆದು ಕೂರುವುದೂ ದೀನಿನ ಕೆಲಸ. ಈ ಎರಡು ಪಾಲು ನಮ್ಮ ಹಂಚಿಕೆಯಲ್ಲಿ ಎಷ್ಟು ಕಾಣುತ್ತದೆ?

ಇಲ್ಲಿ ಒಂದು ಮಾತು ಸ್ಪಷ್ಟ ಇರಲಿ. ಬ್ಯಾರಿಗಳಾದ ನಾವು ಹೆಚ್ಚಿನವರು ಶಾಫಿ ಮದ್‌ಹಬ್‌ನವರು. ಸ್ವಂತ ಊರಿನಲ್ಲಿ ಅರ್ಹರಿರುವಾಗ ಝಕಾತನ್ನು ಬೇರೆ ಊರಿಗೆ ಸಾಗಿಸಬಾರದು ಎಂಬುದೇ ಈ ಮದ್‌ಹಬ್‌ನ ಪ್ರಬಲ ಅಭಿಪ್ರಾಯ. ಹಾಗಾಗಿ ಕೋಲಾರಕ್ಕೆ ಝಕಾತ್ ಕಳಿಸುವವರು ಮೊದಲು ಉಸ್ತಾದರನ್ನು ಕೇಳಲಿ. ಬಡ್ಡಿ ಸೇರಿದ ಸಾಲವನ್ನು ಝಕಾತ್‌ನಿಂದ ಹೇಗೆ ತೀರಿಸಬೇಕು, ಸಾಲಗಾರನ ಒಪ್ಪಿಗೆ ಹೇಗೆ ಪಡೆಯಬೇಕು ಎಂಬುದನ್ನೂ ಉಲಮಾಗಳೇ ಹೇಳಲಿ. ಆದರೆ ಸದಕಾಕ್ಕೆ, ಬಡ್ಡಿಯಿಲ್ಲದ ಕರ್ಝ್ ಹಸನ್‌ಗೆ ಊರಿನ ಗಡಿ ಇಲ್ಲ.

ಏನು ಮಾಡಬಹುದು? ದೊಡ್ಡ ಯೋಜನೆ ಬೇಕಾಗಿಲ್ಲ. ಒಂದು ಮೊಹಲ್ಲಾ, ಹತ್ತು ಮನೆ ಸಾಕು. ಸ್ವಯಂಸೇವಕರು ಮೊದಲು ಕೇಳಬೇಕಾದದ್ದು ‘ಅಕ್ಕಿ ಇದೆಯಾ’ ಅಂತ ಮಾತ್ರವಲ್ಲ, ‘ಎಷ್ಟು ಸಾಲ, ಯಾರಿಗೆ, ವಾರಕ್ಕೆ ಎಷ್ಟು’ ಅಂತ. ಮುಗಿಯಲು ಹತ್ತಿರವಿರುವ ಸಾಲವನ್ನು ಮೊದಲು ಪೂರ್ತಿ ತೀರಿಸಿ, ಬಾಕಿಯಿಲ್ಲ ಎಂಬ ಪತ್ರ ಪಡೆಯಬೇಕು. ಮುಂಚಿತವಾಗಿ ತೀರಿಸಿದರೆ ದಂಡವಿಲ್ಲ ಎಂಬ ನಿಯಮ ಇಲ್ಲಿ ಕೆಲಸಕ್ಕೆ ಬರುತ್ತದೆ. ಆಮೇಲೆ ಆ ಮನೆಗೆ ಹೊಸ ಅಗತ್ಯ ಬಂದಾಗ ಚಿಕ್ಕ ಬಡ್ಡಿರಹಿತ ಸಾಲ. ದುಡಿಮೆ ಇರುವ ತಿಂಗಳು ಹೆಚ್ಚು, ಇಲ್ಲದ ತಿಂಗಳು ಕಡಿಮೆ ಕಟ್ಟುವಂತೆ ಇರಬೇಕು. ಮಾವಿನ ಮಂಡಿಯವನ ಕಂತು ಮಾವಿನ ಕಾಲ ನೋಡಿಯೇ ನಿಗದಿಯಾಗಲಿ.

ಅನೇಕ ಮನೆಗಳಲ್ಲಿ ಸಾಲ ಶುರುವಾಗುವುದು ಕಾಯಿಲೆಯಿಂದ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಕೊಡುವ ಆಯುಷ್ಮಾನ್ ಯೋಜನೆ ಇದೆ. ಕಾರ್ಡ್ ಇಲ್ಲದೆಯೋ, ಹೆಸರು ಹೊಂದದೆಯೋ ಅದು ಸಿಗದವರು ಇದ್ದಾರೆ. ಅರ್ಜಿ ತುಂಬಿ, ಜೊತೆಗೆ ಕಚೇರಿಗೆ ಹೋಗುವ ಒಬ್ಬ ಹುಡುಗ ಕೊಡುವ ಒಂದು ದಿನ, ನಾವು ಕೊಡುವ ಹತ್ತು ಕಿಟ್‌ಗಿಂತ ಹೆಚ್ಚು ಬೆಲೆಯದ್ದು.

ಒಂದು ಎಚ್ಚರವೂ ಬೇಕು. 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಕುಸಿದಾಗ ‘ಹಲಾಲ್’ ಎಂಬ ಹೆಸರನ್ನು ನಂಬಿ ದುಡ್ಡು ಹಾಕಿದ್ದ ಸಾವಿರಾರು ಮುಸ್ಲಿಂ ಕುಟುಂಬಗಳು ಬೀದಿಗೆ ಬಂದವು. ಆದ್ದರಿಂದ ಇಂಥ ನಿಧಿ ಲಾಭದ ಆಸೆ ತೋರಿಸಿ ಯಾರಿಂದಲೂ ಠೇವಣಿ ಪಡೆಯಬಾರದು. ದಾನವೇ ಅದರ ಬಂಡವಾಳ. ಲೆಕ್ಕಪರಿಶೋಧನೆ ಆಗಬೇಕು, ಲೆಕ್ಕ ಮಸೀದಿಯ ಫಲಕದಲ್ಲಿ ಹಾಕಬೇಕು. ಪಡೆದವರ ಹೆಸರು, ಫೋಟೋ ಮಾತ್ರ ಎಲ್ಲೂ ಹಾಕಬಾರದು.

ಇದು ನಮ್ಮ ಮನೆಯ ಮಾತು ಕೂಡ

ಇದೆಲ್ಲ ಘಟ್ಟದ ಮೇಲಿನವರ ಕಷ್ಟ ಅಂತ ಯಾರೂ ಅಂದುಕೊಳ್ಳಬೇಡಿ. ನಮ್ಮ ಊರುಗಳಲ್ಲೂ ಬೀಡಿ ಕಟ್ಟುವ ಉಮ್ಮಂದಿರ ವಾರದ ಮಜೂರಿ ಎಷ್ಟೋ ಸಲ ಕೈಗೆ ಬಂದ ದಿನವೇ ಸಂಘದ ಕಂತಿಗೆ ಹೋಗುತ್ತದೆ. ಮಗಳ ಮದುವೆಗೆ ಮಾಡಿದ ಸಾಲ ಮೊಮ್ಮಕ್ಕಳು ಹುಟ್ಟಿದ ಮೇಲೂ ಮುಗಿಯದ ಮನೆಗಳು ನಮ್ಮ ಜಮಾಅತ್‌ಗಳಲ್ಲೇ ಇವೆ.

ಸಂಘಟಿತವಾಗಿ ನೆರವಾಗುವುದು ಬ್ಯಾರಿಗಳಿಗೆ ಹೊಸತಲ್ಲ. ಅಬುಧಾಬಿಯ ಬ್ಯಾರೀಸ್ ವೆಲ್ಫೇರ್ ಫೋರಂ ಇಲ್ಲಿ ಸಾಮೂಹಿಕ ವಿವಾಹ ನಡೆಸಿ ಎಷ್ಟೋ ಮನೆಗಳ ಮದುವೆ ಸಾಲ ತಪ್ಪಿಸಿದೆ. ಎಂ.ಫ್ರೆಂಡ್ಸ್ ಟ್ರಸ್ಟ್‌ನ ‘ಕಾರುಣ್ಯ’ ಯೋಜನೆ ವೆನ್ಲಾಕ್ ಆಸ್ಪತ್ರೆಯ ರೋಗಿಗಳ ಜೊತೆ ಇರುವವರಿಗೆ ರಾತ್ರಿಯ ಊಟ ಕೊಡುತ್ತಿದೆ. ಒಂದು ದಿನ ಕೊಟ್ಟು ಫೋಟೋ ತೆಗೆದು ಹೋಗುವ ಕೆಲಸ ಅಲ್ಲ ಇದು. ಅದೇ ಶಿಸ್ತನ್ನು ಸಾಲದ ಪುಸ್ತಕಕ್ಕೂ ತರಬಹುದು.

ಮುಂದಿನ ರಮಝಾನ್‌ಗೆ ಪ್ರತಿ ಜಮಾಅತ್ ಕಿಟ್‌ನ ಪಟ್ಟಿಯ ಪಕ್ಕದಲ್ಲಿ ಇನ್ನೊಂದು ಪಟ್ಟಿ ಮಾಡಲಿ. ಈ ವರ್ಷ ಸಾಲದಿಂದ ಹೊರಗೆ ತರಬೇಕಾದ ಹತ್ತು ಮನೆಗಳ ಪಟ್ಟಿ. ಕೋಲಾರದಲ್ಲಿ, ಮಾಲೂರಿನಲ್ಲಿ, ಮುಳಬಾಗಿಲು, ಶ್ರೀನಿವಾಸಪುರದಲ್ಲಿ ಕೆಲಸ ಮಾಡುವ ಸ್ವಯಂಸೇವಕರ ಜೊತೆ ಸಂಪರ್ಕ ಇರುವವರು ಅಲ್ಲಿಯ ಹತ್ತು ಮನೆಗಳ ಪಟ್ಟಿಯನ್ನೂ ಕೇಳಲಿ. ಮರುವರ್ಷ ಕಿಟ್ ಪಡೆಯುವವರ ಸಂಖ್ಯೆ ಎಷ್ಟು ಕಡಿಮೆಯಾಯಿತು ಎಂಬುದನ್ನು ಜುಮಾ ದಿನ ಎದ್ದು ನಿಂತು ಹೇಳಲಿ. ಎಷ್ಟು ಕಿಟ್ ಕೊಟ್ಟೆವು ಎಂಬ ಲೆಕ್ಕಕ್ಕಿಂತ ಆ ಲೆಕ್ಕ ದೊಡ್ಡದು.